ಗೇರ್‌ಬಾಕ್ಸಿಗೆ ಗೋಣಿತಟ್ಟು

ಕೊಪ್ಪಳ ಜಿಲ್ಲೆಯಲ್ಲಿ ಬಿಸಿ ಅಳೆಯಲು ನಂಬಬಹುದಾದ ಸಾಧನ ಒಂದೇ ಒಂದು ಇದೆ, ಅದು ನಮ್ಮ ಸೋದರಮಾವನ ಬಲ ಅಂಗೈ! ಇದು ನನ್ನ ಮಾತಲ್ಲ, ಮಾವನದು. ನಾನು ಕೊಪ್ಪಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಉಷ್ಣ ಬೇರೆ, ತಾಪಮಾನ ಬೇರೆ ಎಂದು ಇಪ್ಪತ್ತು ವರ್ಷದಿಂದ ಗಂಟಲು ಹರಿದುಕೊಂಡವನು. ಮಾವನ ಎದುರು ನನ್ನ ಇಪ್ಪತ್ತು ವರ್ಷಕ್ಕೆ ಬೆಲೆಯೇ ಇಲ್ಲ. ಕೂಸಿನ ಹಣೆ, ಚಹಾದ ಗ್ಲಾಸು, ಎಮ್ಮೆಯ ಕೆಚ್ಚಲು, ಬೋರಿನ ಮೋಟರು, ಈಗಷ್ಟೇ ಪರಿಚಯವಾದ ಮನುಷ್ಯನ ಬೆನ್ನು, ಎಲ್ಲದರ ಮೇಲೂ ಅಂಗೈ ಇಟ್ಟು ಕಣ್ಣು ಮುಚ್ಚಿ ತೀರ್ಪು ಕೊಡುತ್ತಾನೆ. ನಾನೊಮ್ಮೆ ಥರ್ಮಾಮೀಟರು ತಂದುಕೊಟ್ಟಾಗ ಅದರ ಮೇಲೂ ಅಂಗೈ ಇಟ್ಟು, "ಇದಕ್ಕ ಜ್ವರ ಬಂದಾವ ನೋಡು" ಅಂದ.

ಹೀಗೆ ಅಂದದ್ದು ನಿಜವೋ, ಹತ್ತು ಕಡೆ ಹೇಳಿ ಹೇಳಿ ನಾನೇ ಅವನ ಬಾಯಿಂದ ಅನ್ನಿಸಿದೆನೋ, ಈಗ ಗೊತ್ತಾಗುವುದಿಲ್ಲ. ಮಾವನ ವಿಷಯದಲ್ಲಿ ನನ್ನ ನೆನಪು ಸಾಕ್ಷಿ ಹೇಳಲು ಲಾಯಕ್ಕಾದದ್ದಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಒಳ್ಳೆಯದು, ಏಕೆಂದರೆ ಮುಂದೆ ಒಂದು ಕಡೆ ಆ ನೆನಪು ನನಗೆ ಸರಿಯಾಗಿಯೇ ಮೋಸ ಮಾಡಿದೆ.

ಇಂಥ ಮಾವ ಎರಡು ವರ್ಷದ ಹಿಂದೆ ಒಂದು ಹಳೆಯ ಪಿಕಪ್ ಕೊಂಡ. ಬೇವೂರಿನ ಹತ್ತಿರ ಇರುವ ಅವನ ಹೊಲದ ಕಲ್ಲಂಗಡಿಯನ್ನು ಗಂಗಾವತಿಯ ಮಾರ್ಕೆಟ್ಟಿಗೆ ಒಯ್ಯುವುದಕ್ಕೆ. ಕೊಳ್ಳಲಿ, ಯಾರು ಬೇಡ ಅಂದರು? ಆದರೆ ಕೊಂಡದ್ದು ಆಟೋಮ್ಯಾಟಿಕ್! ಹುಬ್ಬಳ್ಳಿಯ ಸಾಹುಕಾರನೊಬ್ಬ ಷೋಕಿಗೆ ತಂದು, ಷೋಕಿ ತೀರಿದ ಮೇಲೆ ಮಾರಿದ್ದು. ಅದರಲ್ಲಿ ಕ್ಲಚ್ ಇಲ್ಲ. ಗೇರು ತಾನೇ ಬದಲಾಗುತ್ತದೆ. ಎಡಗಾಲು ಆರಾಮವಾಗಿ ಬೀಗರ ಮನೆಗೆ ಬಂದವರಂತೆ ಕೂತಿರಬಹುದು.

"ಇದ್ಯಾಕ ಬೇಕಿತ್ತು ಮಾಮಾ?" ಅಂದೆ.

"ಮೊಣಕಾಲು ಸೆಳೀತೈತೋ ಅಳಿಯಾ. ಕ್ಲಚ್ ಒತ್ತಾಕ ಆಗಂಗಿಲ್ಲ" ಎಂದು ಅಂಗಳದಲ್ಲಿ ನಾಲ್ಕು ಹೆಜ್ಜೆ ಕುಂಟಿ ತೋರಿಸಿದ.

"ಕ್ಲಚ್ಚಿಗೆ ಎಡಗಾಲು ಬೇಕು. ನೀ ಕುಂಟಿದ್ದು ಬಲಗಾಲು!"

ಮಾವ ನಿಂತ. ಯೋಚನೆ ಮಾಡಿದ. "ಎಡಗಾಲಿನ ಭಾರ ಎಲ್ಲಾ ಇದರ ಮ್ಯಾಲ ಬಿದ್ದು ಇದೂ ಹೋಗೇತಿ."

ಒಳಗಿನಿಂದ ಚಹಾ ತಂದ ಅತ್ತೆ ನಕ್ಕಳು. "ನಿನ್ನೆ ಬಚ್ಚಲದಾಗ ಹಾವು ಕಂಡಾಗ ಎರಡೂ ಛಲೋ ಇದ್ದೂವಲ್ರಿ!" ಅತ್ತೆ ಚಿಕ್ಕಂದಿನಿಂದ ಎಡಗಾಲು ಎಳೆದು ನಡೆಯುವವಳು. ನಾನು ಹುಟ್ಟಿದಾಗಿನಿಂದ ನೋಡಿದ ನಡಿಗೆ ಅದು. ನೋಡಿ ನೋಡಿ, ನೋಡುವುದನ್ನೇ ಬಿಟ್ಟಿದ್ದೆ.

ಮೊದಲ ಬೇಸಿಗೆಗೇ ಗೇರ್‌ಬಾಕ್ಸಿಗೆ ಜ್ವರ ಹತ್ತಿತು. ಹಣ್ಣು ತುಂಬಿಕೊಂಡು ಗಿಣಿಗೇರಾ ಹತ್ತಿರ ಕಾರ್ಖಾನೆಯ ಲಾರಿಗಳ ಹಿಂದೆ ತೆವಳುವಾಗ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತುತ್ತಿತ್ತು, ಗಾಡಿ ಎಳೆಯುವುದನ್ನೇ ಬಿಡುತ್ತಿತ್ತು. ಈ ನಮೂನೆಯ ಗೇರ್‌ಬಾಕ್ಸು ಎಣ್ಣೆಯ ಬಲದ ಮೇಲೆ ನಡೆಯುತ್ತದೆ. ಎಣ್ಣೆ ಕಾದರೆ ಅದರ ಕಥೆ ಮುಗಿಯಿತು. ಇದನ್ನು ಮಾರು, ಸಾದಾ ಗಾಡಿ ತಗೋ ಎಂದು ಊರೇ ಹೇಳಿತು. ಮಾವ ಕೇಳಲಿಲ್ಲ. ಎಣ್ಣೆ ತಣ್ಣಗಿಡುವ ಕೂಲರ್ ಬೇರೆಯಾಗಿ ಸಿಗುತ್ತದಂತೆ, ಹಾಕಿಸುತ್ತೇನೆ, ಅದಕ್ಕೂ ಬಗ್ಗದಿದ್ದರೆ ಈ ಬೇಸಿಗೆ ಮುಗಿದ ಕೂಡಲೇ ಮಾರುತ್ತೇನೆ ಎಂದ. ಆರಿಸುವ ಕೆಲಸ ನನಗೆ ಬಿತ್ತು.

"ಯಾವುದರ ಒಂದು ಆರ್ಸು ಅಳಿಯಾ. ಒಂದ ಮಾತು ತಲ್ಯಾಗ ಇಟ್ಕೊ. ದಾರ್ಯಾಗ ನಿಂದ್ರಬಾರದು. ಅಷ್ಟ."

ವಾಹನಗಳ ಬಗ್ಗೆ ನನ್ನ ಅನುಭವ ಏನು? ಒಂದು ಸ್ಕೂಟರು. ಅದರ ಪ್ಲಗ್ ಎಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಮಾಸ್ತರ ಬಾಯಿಗೆ ಬರುವ ಮಾತೇ? ಒಂದು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿ, ಹನ್ನೊಂದು ಕಾಲಮ್ಮಿನ ಕೋಷ್ಟಕ ಬರೆದೆ. ಕೂಲರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಎಣ್ಣೆ ಹಾವಿನಂತೆ ಸುತ್ತಿದ ಉದ್ದನೆಯ ಕೊಳವೆಯಲ್ಲಿ ಹರಿಯುತ್ತದೆ. ಇನ್ನೊಂದರಲ್ಲಿ ಒಂದರ ಮೇಲೊಂದು ಪೇರಿಸಿದ ತೆಳ್ಳನೆಯ ತಟ್ಟೆಗಳ ನಡುವೆ ಹರಿಯುತ್ತದೆ. ಎರಡನ್ನೂ ಮುಂದೆ ರೇಡಿಯೇಟರಿನ ಎದುರು ಕೂರಿಸಬೇಕು, ಗಾಳಿ ಹಾಯಬೇಕು. ಇಷ್ಟೆಲ್ಲ ಓದಿದ ನಾನು ಕೊನೆಗೆ ಆರಿಸಿದ್ದು ಹೇಗೆ? ಎಲ್ಲಕ್ಕಿಂತ ದೊಡ್ಡದನ್ನು! ದೊಡ್ಡದು ಹೆಚ್ಚು ತಣ್ಣಗಿಡುತ್ತದೆ, ಅಲ್ಲವೇ? ಸಣ್ಣ ತಟ್ಟೆಯದಕ್ಕೆ ಕೆಂಪು ಶಾಯಿಯಲ್ಲಿ ಕಾಟು ಹೊಡೆದೆ.

ಗಂಗಾವತಿಯ ಗ್ಯಾರೇಜಿನ ಮಿಸ್ತ್ರಿ ನನ್ನ ಕೋಷ್ಟಕವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಗೌರವದಿಂದ ನೋಡಿದ. ಆಮೇಲೆ ಬಹಳ ಗೌರವದಿಂದಲೇ ಹೇಳಿದ: "ಸರ, ನೀವು ಆರ್ಸಿದ್ದು ದೊಡ್ಡ ಬಸ್ಸಿಂದು. ಪಿಕಪ್ಪಿಗೆ ಇದನ್ನ ಹಚ್ಚಾಕ ಆಗಂಗಿಲ್ಲ. ಬೇಕಂದ್ರ ಇದಕ್ಕ ಪಿಕಪ್ ಹಚ್ಚಿ ಕೊಡ್ತೀನಿ."

ಮಾವ ನನ್ನ ಹೆಗಲ ಮೇಲೆ ಅಂಗೈ ಇಟ್ಟ. "ತಣ್ಣಗ ಅದಾನ" ಅಂದ ಮಿಸ್ತ್ರಿಗೆ, ಸಮಾಧಾನ ಹೇಳುವವನ ಹಾಗೆ.

ಇನ್ನು ಪರೀಕ್ಷೆ ಮಾವನದು. ಮಿಸ್ತ್ರಿಯ ಕಪಾಟಿನಲ್ಲಿ ಹಳೆಯ ಗಾಡಿಗಳಿಂದ ಬಿಚ್ಚಿಟ್ಟ ಮೂರು ಕೂಲರ್ ಇದ್ದವು: ಎರಡು ಕೊಳವೆಯವು, ಒಂದು ತಟ್ಟೆಯದು. ಮೂರನ್ನೂ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಮಲಗಿಸಿದ. ಒಂದು ತುದಿಯಿಂದ ಕುದಿಯುವ ನೀರು ಹೊಯ್ಯುವುದು, ನನ್ನಿಂದ ಕೋಷ್ಟಕದ ಹಾಳೆಯಲ್ಲಿ ಗಾಳಿ ಬೀಸಿಸುವುದು, ಇನ್ನೊಂದು ತುದಿಯಲ್ಲಿ ಅಂಗೈ ಒಡ್ಡುವುದು. ಹನ್ನೊಂದು ಕಾಲಮ್ಮಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು!

ಮೊದಲನೆಯದಕ್ಕೆ ಕೈ ಹಿಂದೆಳೆದುಕೊಂಡ. "ಇದು ಅಣ್ಣತಮ್ಮಂದಿರ ಸಿಟ್ಟು. ಆರೂದ ಇಲ್ಲ." ಎರಡನೆಯದಕ್ಕೆ ತಲೆ ಅಲ್ಲಾಡಿಸಿದ. ಮೂರನೆಯದಕ್ಕೆ, ನಾನು ಕಾಟು ಹೊಡೆದ ಆ ಸಣ್ಣ ತಟ್ಟೆಯದಕ್ಕೆ, ಕಣ್ಣು ಮುಚ್ಚಿ ನಕ್ಕ. "ಇದು ನನ್ನ ಹೇಣ್ತಿ ಸಿಟ್ಟು. ಸ್ವಲ್ಪ ಗಾಳಿ ಬೀಸಿದ್ರ ಹ್ವಾದಂಗ."

"ಕಾಕಾನ ಕೈ ಖರೇ ಹೇಳತೈತಿ ಸರ. ನಾನೂ ಇದನ್ನ ಹಚ್ಚೋನಿದ್ದೆ" ಅಂದ ಮಿಸ್ತ್ರಿ.

"ಎಲ್ಲಾರದೂ ಮುಗೀತಲ್ಲ? ಈಗ ಗಿರಾಕಿಗೆ ಯಾವ ನೀರಾಗ ಚಹಾ ಮಾಡ್ಲಿ ನಾ?" ಎಂದು ಚಹಾದವನು ಖಾಲಿ ಪಾತ್ರೆ ತೋರಿಸಿದ.

ಅದೇ ಜಾತಿಯ ಹೊಸ ಕೂಲರ್ ಬಂತು, ಕೂತಿತು. ಇಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಸರಿ ಹೋಗುತ್ತಿತ್ತು. ಆದರೆ ನಮ್ಮ ಕಡೆ ಬೇಸಿಗೆ ಬಂತೆಂದರೆ ಮನೆಮನೆಯ ನೀರಿನ ಹರವಿಗೂ ತೋಯಿಸಿದ ಗೋಣಿತಟ್ಟು ಸುತ್ತುತ್ತಾರೆ. ಒಳಗಿನ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಮರುದಿನ ಮಾವ ಗೋಣಿತಟ್ಟು ಹಿಡಿದು ಪಿಕಪ್ಪಿನ ಮುಂದೆ ನಿಂತಿದ್ದ. "ಇದಕ್ಕೂ ಸುತ್ತಿದ್ರ ಹೆಂಗ ಅಳಿಯಾ? ನಿನ್ನ ಪುಸ್ತಕ ಏನ್ ಹೇಳತೈತಿ?"

ಬೇಡ ಎನ್ನಬೇಕಿತ್ತು. ಆದರೆ ಮಾವ ನನ್ನ ಪುಸ್ತಕವನ್ನು ಕೇಳಿದ್ದು ಜೀವನದಲ್ಲಿ ಅದೇ ಮೊದಲು! ಉಬ್ಬಿಹೋದೆ. ಕಡ್ಡಿ ತಗೊಂಡು ಅಂಗಳದ ಮಣ್ಣಿನಲ್ಲಿ ಚಿತ್ರ ಬರೆದೆ. ನೀರು ಆವಿಯಾಗುವಾಗ ಉಷ್ಣವನ್ನು ಎಳೆದುಕೊಳ್ಳುತ್ತದೆ ಎಂದು ಸೂತ್ರ ಸಮೇತ ವಿವರಿಸಿದೆ. ಮಾವ ಸುತ್ತಿದ, ನಾನೇ ಸುತಳಿ ಬಿಗಿದೆ.

ಆ ದಿನ ಮೂವರೂ ಹೊರಟೆವು. ಅತ್ತೆ ಬರಲೇಬೇಕು, ಏಕೆಂದರೆ ಮಾರ್ಕೆಟ್ಟಿನಲ್ಲಿ ಮಾವ ಹಣ್ಣಿನ ಮೇಲೆ ಅಂಗೈ ಇಟ್ಟು, "ಇದು ಇನ್ನಾ ಕಾಯಿ ಐತ್ರಿ, ಒಯ್ಯಬ್ಯಾಡ್ರಿ" ಎಂದು ಗಿರಾಕಿಯನ್ನು ವಾಪಸು ಕಳಿಸುತ್ತಾನೆ. ವ್ಯಾಪಾರ ಯಾವಾಗಲೂ ಅತ್ತೆಯದೇ. ಗಿಣಿಗೇರಾ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡೆವು. ಕೆಂಪು ದೀಪ ಹತ್ತಿತು. ಗಾಡಿ ನಿಂತಿತು.

ಮಾವ ಮಿಸ್ತ್ರಿಗೆ ಫೋನು ಹಚ್ಚಿದ. ಅವನ ದನಿ ನನಗೂ ಕೇಳುತ್ತಿತ್ತು.

"ಕಾಕಾ, ಕೂಲರಿನ ಮುಂದ ಏನರ ಮುಚ್ಚೀರೇನು?"

"ಗೋಣಿತಟ್ಟು ಸುತ್ತೀವಿ. ತೋಯಿಸಿದ್ದು."

"ಅದೇನು ಹರವಿ ಐತೇನ್ರಿ ಕಾಕಾ? ಅದಕ್ಕ ಗಾಳಿ ಬೇಕು! ಹತ್ತ ಮಿನಿಟಿಗೆ ತಟ್ಟು ಒಣಗಿ, ಧೂಳು ತುಂಬಿ ಕಂಬಳಿ ಆಗಿರತೈತಿ. ಜ್ವರ ಬಂದವರಿಗೆ ಕಂಬಳಿ ಹೊಚ್ಚಿ ಬಿಸಲಾಗ ನಿಂದ್ರಿಸೀರಿ. ಯಾರ್ ಹೇಳ್ಯಾರ ನಿಮಗ ಇದನ್ನ?"

ಮಾವ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

"ಫಿಜಿಕ್ಸು" ಅಂದ ಮಾವ.

ಸುತಳಿ ಕತ್ತರಿಸಿ ತಟ್ಟು ಕಿತ್ತೆಸೆದೆವು. ಎಣ್ಣೆ ಆರಲು ಕಾಯಬೇಕು. ಅಷ್ಟರಲ್ಲಿ ಅತ್ತೆ ಇಳಿದು, "ಹಣ್ಣು ಕೆಡ್ತಾವ. ಮುಂದ ಹೋಗಿ ಯಾವುದರ ಟೆಂಪೊ ಸಿಗತೈತೇನು ನೋಡ್ತೀನಿ" ಎಂದು ರಸ್ತೆಯ ಅಂಚಿನಲ್ಲಿ ನಡೆದೇಬಿಟ್ಟಳು. ಲಾರಿಗಳು ಸೆರಗಿಗೆ ತಾಗುವ ಹಾಗೆ ಹೋಗುತ್ತಿದ್ದವು. ಕಾಯ್ದ ಟಾರಿನ ಮೇಲೆ ಅವಳ ಎಡ ಚಪ್ಪಲಿ ಎಳೆಯುವ ಸದ್ದು. ಮಾವ ಓಡಿಹೋಗಿ ಕೈ ಹಿಡಿದು ಕರೆತಂದ. "ಕುಂದ್ರು! ದಾರ್ಯಾಗ ನಿಂದ್ರಬಾರದು ಅಂತ ಇದಕ್ಕ ಬಡ್ಕೊಳ್ಳಾಕ ಹತ್ತೀನಿ ನಾ!" ಮಾವ ಅತ್ತೆಯ ಮೇಲೆ ದನಿ ಎತ್ತಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ. ಹಣ್ಣಿನ ಚಿಂತೆಗೆ ತಲೆ ಕೆಟ್ಟಿದೆ ಎಂದುಕೊಂಡೆ. ಟೆಂಪೊ ಹುಡುಕಲು ಆಮೇಲೆ ಅವನೇ ಹೋದ. ಈ ಕಥೆಯನ್ನು ಕಾಲೇಜಿನಲ್ಲಿ ಹೇಳುವಾಗಲೆಲ್ಲ ಮಾವ ಇಲ್ಲಿ ಕುಂಟುತ್ತ ಓಡುತ್ತಾನೆ, ಎಲ್ಲರೂ ನಗುತ್ತಾರೆ. ಖರೇ ಹೇಳಬೇಕೆಂದರೆ ಅವನು ಅಂದು ಕುಂಟಲಿಲ್ಲ. ಕುಂಟು ನಾನು ಸೇರಿಸಿದ್ದು. ಮೋಸ ಎಂದೆನಲ್ಲ, ಅದು ಇದೇ.

ತಟ್ಟು ತೆಗೆದ ಮೇಲೆ ಗಾಡಿ ನಿಲ್ಲಲಿಲ್ಲ. ಎರಡು ವಾರ ಮಾವ ತುಂಬಿದ ಗಾಡಿಯನ್ನು ಗಂಗಾವತಿಗೆ ಹೊಡೆದ, ಪ್ರತಿ ಸಲವೂ ಗಿಣಿಗೇರಾ ದಾಟಿದ ಮೇಲೆ ಇಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಮೂರನೆಯ ವಾರ ಬೆಳಿಗ್ಗೆ ನಾನು ಹೋದಾಗ ಗಾಡಿ ತುಂಬಿ ನಿಂತಿತ್ತು. ಸ್ಟೇರಿಂಗ್ ಹಿಂದೆ ಅತ್ತೆ! ಸೆರಗು ಸೊಂಟಕ್ಕೆ ಸಿಗಿಸಿದ್ದಳು. ಎಡಗಾಲು ಮಡಚಿಟ್ಟು ಆರಾಮವಾಗಿ ಕೂತಿದ್ದಳು.

"ಅತ್ತೀ, ನೀನಾ?"

"ಗಾಡಿ ಬಂದಾಗಿಂದ ಹೊಲದ ದಾರ್ಯಾಗ ಕಲಿಸ್ಯಾರೋ ನಿಮ್ಮ ಮಾವ. ಹೋದ ವಾರ ಲೈಸೆನ್ಸ್ ಬಂತು. ನೀನೂ ಬರ್ತೀಯೇನು? ಬ್ಯಾಡ ತಗೊ, ಮತ್ತ ಏನರ ಸುತ್ತೀ ಇದಕ್ಕ!"

ನನ್ನ ಉತ್ತರಕ್ಕೆ ಕಾಯದೆ ಹೊರಟಳು. ಇನ್ನು ಹೊಲಕ್ಕೆ ನೀರು ಬಿಡುವುದು ಮಾವನ ಕೆಲಸ, ಮಾರ್ಕೆಟ್ಟು ಅವಳದು. ಹಾಗೆಂದು ಇಬ್ಬರೂ ಯಾವತ್ತೋ ಹಂಚಿಕೊಂಡಿದ್ದರಂತೆ. ಮಾವ ಮೊಬೈಲನ್ನು ಅಂಗೈಯಲ್ಲಿ ಹಿಡಿದು, ಬೇವೂರಿನ ರಸ್ತೆ ಕೂಡುವಲ್ಲಿ ನಿಂತುಬಿಟ್ಟ. ನಾನೂ ನಿಂತೆ. ಬಹಳ ಹೊತ್ತಿನ ಮೇಲೆ ಅದು ಬಡಿದುಕೊಂಡಿತು. "ಗಿಣಿಗೇರಾ ದಾಟೀನ್ರಿ. ದೀಪ ಹತ್ತಿಲ್ಲ" ಎಂದಳು ಅತ್ತೆ.

"ಮಾಮಾ, ಮೊದಲ ಯಾಕ ಹೇಳಲಿಲ್ಲ? ಕೂಲರ್ ಕೂಲರ್ ಅಂತ ಅಷ್ಟು ಯಾಕ ಹಟ ಹಿಡಿದಿ ಅಂತ ನನಗ ಗೊತ್ತ ಆಗಲಿಲ್ಲ."

ಮಾವ ರಸ್ತೆಯನ್ನೇ ನೋಡುತ್ತಿದ್ದ. "ಗಾಡಿ ನಿಂತ್ರ ನಾ ಆದ್ರ ನಡಕೊಂತ ಬಂದೇನೋ. ಆಕಿ ಹೆಂಗ ಬರ್ತಾಳ?"

ಹೀಗೆಂದು ತಿರುಗಿ ಮನೆಯ ಕಡೆ ನಡೆದ. ಎರಡೂ ಕಾಲಲ್ಲಿ, ಬಿರಬಿರನೆ. ಅವನ ಜೊತೆ ಹೆಜ್ಜೆ ಹಾಕಲು ನನಗೆ ಏದುಸಿರು ಹತ್ತಿತು. ತಿರುವಿನಲ್ಲಿ ಪಕ್ಕದ ಹೊಲದವನು ಎದುರಾದ. "ಏನಪಾ, ಕ್ಲಚ್ ಇಲ್ಲದ ಗಾಡಿ ಇನ್ನಾ ಮಾರಿಲ್ಲೇನು? ಯಾರ್ ಸಲುವಾಗಿ ಇಟ್ಟಿ ಅದನ್ನ?"

"ಮೊಣಕಾಲೋ ಮಾರಾಯಾ, ಭಾಳ ಸೆಳೀತೈತಿ" ಎಂದು ಮಾವ ಕುಂಟತೊಡಗಿದ. ಬಲಗಾಲು.

ಅವನ ತೋಳು ಹಿಡಿದುಕೊಂಡು ಮನೆಯವರೆಗೂ ನಿಧಾನಕ್ಕೆ ನಡೆಸಿಕೊಂಡು ಬಂದೆ.