ಏಳು ಗಡ್ಡಗಳ ಕಾವಲು

ಸುಮ್ಮನೆ ನಿಂತಿರುವುದೇ ಕೆಲಸವಾದರೆ ಏನೂ ಎಡವಟ್ಟಾಗುವುದಿಲ್ಲ ಅಂದುಕೊಂಡಿದ್ದೆ. ಡಬ್ಲಿನ್ನಿನ ಮ್ಯೂಸಿಯಂ ಒಂದರಲ್ಲಿ ಕಾವಲಿಗೆ ನಿಂತ ಮೇಲೆ ಗೊತ್ತಾಯಿತು, ಆಗುವುದೆಲ್ಲ ನಿಂತವರ ಎದುರಿಗೇ ಅಂತ. ನಾನು ಕಾಯುತ್ತಿದ್ದದ್ದು ಇಟಲಿಯಿಂದ ಎರವಲು ತಂದ ಮೊಸಾಯಿಕ್. ಬಣ್ಣಬಣ್ಣದ ಕಲ್ಲಿನ ಚೂರುಗಳಲ್ಲಿ ರೋಮನ್ನರು ಮಾಡಿದ ಚಿತ್ರ: ಮರದಡಿ ಕೂತು ಚರ್ಚಿಸುವ ಏಳು ಮಂದಿ ಗಡ್ಡದ ಗ್ರೀಕ್ ತತ್ವಜ್ಞಾನಿಗಳು. ನೆಲದ ಮೇಲಿಟ್ಟು ಸುತ್ತ ಹಗ್ಗ ಕಟ್ಟಿದ್ದರು. ನಮ್ಮ ಮನೆಯವರ ಕೆಲಸದ ಕಾಂಟ್ರ್ಯಾಕ್ಟ್ ಮುಗಿದಿತ್ತು. ಊರಾಚೆ ಸ್ವೋರ್ಡ್ಸ್‌ನಲ್ಲಿದ್ದ ನಮ್ಮ ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ. ನಾನೋ ಇನ್ನೂ ಪ್ರೊಬೇಷನ್ನಿನಲ್ಲಿ.

ನೊಣ

“ಇದರ ಮೇಲೆ ನೊಣ ಕೂತರೂ ನಿನ್ನ ಜವಾಬ್ದಾರಿ,” ಅಂದಿದ್ದರು ಸೂಪರ್‌ವೈಸರ್. ಎರಡನೇ ದಿನವೇ ಬೋಳುತಲೆಯ ತತ್ವಜ್ಞಾನಿಯ ನೆತ್ತಿಯ ಮೇಲೆ ನೊಣ ಕೂತಿತು. ಹಗ್ಗ ದಾಟಿದರೆ ಅಲಾರಾಂ. ಆಚೆಯಿಂದಲೇ ಎರಡೂ ಕೈ ಬೀಸಿದೆ. ಎದುರಿದ್ದ ಪ್ರವಾಸಿಗರು ಸಂತೋಷದಿಂದ ತಿರುಗಿ ಕೈ ಬೀಸಿದರು. ಸೂಪರ್‌ವೈಸರ್ ಓಡಿ ಬಂದರು. ವಿಷಯ ಹೇಳಿದೆ. ಅವರು ಅತ್ತಿತ್ತ ನೋಡಿ ಪಿಸುಗುಟ್ಟಿದರು: “ಇಟಲಿಯವರು ಯಾರಾದರೂ ನೋಡಿದರಾ?”

ಋಷಿಗಳು

ಐರ್ಲೆಂಡಿನದೇ ಕಾರ್ಕ್ ಊರಿನಿಂದ ನಮ್ಮ ಕಡೆಯ ಡಾಕ್ಟರೊಬ್ಬರು ಹೆಂಡತಿಯೊಡನೆ ಬಂದರು. ತಲೆ ಎಣಿಸಿ, “ಏಳು ಜನ, ಗಡ್ಡ, ಮರ. ಸಪ್ತರ್ಷಿಗಳೇ. ನಿಮ್ಮ ಬೋರ್ಡ್ ತಪ್ಪಾಗಿದೆ ಮೇಡಂ,” ಅಂದರು. ಎಣಿಸುವ ಬೆರಳು ಹಗ್ಗದಾಚೆ ಇಳಿಯುತ್ತಿತ್ತು. ಬಾಗಿಲಲ್ಲಿ ಸೂಪರ್‌ವೈಸರ್.

“ಸಪ್ತರ್ಷಿಗಳಾದ್ರೆ ಅರುಂಧತಿ ಎಲ್ಲಿ ಸಾರ್?” ಅಂದೆ, ಬೆರಳು ನಿಲ್ಲಲಿ ಅಂತ. ಬೆರಳು ನಿಂತಿತು. ಉತ್ತರ ಕೊಟ್ಟದ್ದು ಅವರ ಹೆಂಡತಿ:

“ಏಳು ಜನ ಹೀಗೆ ಕೂತು ಮಾತಾಡ್ತಿದ್ರೆ ಒಳಗೆ ಅಡುಗೆ ಮಾಡೋರು ಬೇಡ್ವಾ?”

ಚಪ್ಪಲಿ

ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮೈಸೂರಿನಿಂದ ಬಂದಿದ್ದ ಅತ್ತೆಯವರ ಕಿವಿಗೆ ಬಿದ್ದದ್ದು ‘ಋಷಿಗಳು’ ಅನ್ನುವುದೊಂದೇ. ಮರುದಿನ ನನ್ನ ಜೊತೆಗೇ ಬಸ್ ಹತ್ತಿದರು. ಅಂದೇ ಇಟಲಿಯ ಅಧಿಕಾರಿ ತಪಾಸಣೆಗೆ ಬರುವವರಿದ್ದರು.

ಅತ್ತೆ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು ಕೈಮುಗಿದು ನಿಂತರು. ಇಲ್ಲಿಯ ಜನಕ್ಕೆ ಕೇಳಲು ಸಂಕೋಚ. ಹಿಂದೆ ಬಂದ ಮುದುಕರು ಚಪ್ಪಲಿ ನೋಡಿ, ಇದೇ ನಿಯಮವಿರಬೇಕೆಂದು ಬೂಟು ಬಿಚ್ಚಿದರು. ಅವರ ಹಿಂದಿನವರೂ ಬಿಚ್ಚಿದರು. ನಾನು ಕಾವಲು ಬಿಟ್ಟು ಹೋಗುವಂತಿಲ್ಲ. ನೋಡನೋಡುತ್ತ ಬಾಗಿಲಲ್ಲಿ ಬೂಟಿನ ರಾಶಿ. ಅದರ ಮುಂದೆ ಇಟಲಿಯ ಅಧಿಕಾರಿ, ಪಕ್ಕದಲ್ಲಿ ಕೆಂಪೇರಿದ ಸೂಪರ್‌ವೈಸರ್. ನನ್ನ ಕೆಲಸ ಹೋಯಿತು ಅಂದುಕೊಂಡೆ.

ಅಧಿಕಾರಿಯ ಕಣ್ಣು ತುಂಬಿತು. “ಇಷ್ಟು ಗೌರವ ಎಲ್ಲೂ ಕಂಡಿಲ್ಲ. ಯಾರ ಯೋಚನೆ ಇದು?” ಅನ್ನುತ್ತ ತಾವೂ ಬೂಟು ಬಿಚ್ಚಿದರು.

“ಈಕೆಯದು. ನಮ್ಮ ಖಾಯಂ ಉದ್ಯೋಗಿ,” ಅಂದರು ಸೂಪರ್‌ವೈಸರ್. ಅವರೂ ಬಿಚ್ಚಬೇಕಾಯಿತು. ಕಾಲುಚೀಲದಿಂದ ಹೆಬ್ಬೆರಳು ಇಣುಕಿತು.

ಹೊರಡುವಾಗ ಸೂಪರ್‌ವೈಸರ್ ಬೂಟು ಮಾತ್ರ ಇರಲಿಲ್ಲ. ಯಾರೋ ತಮ್ಮದೆಂದು ಹಾಕಿಕೊಂಡು ಹೋಗಿದ್ದರು. ಅತ್ತೆ ಮರುಗಿದರು: “ಋಷಿಗಳ ಸನ್ನಿಧೀಲಿ ಕಳಕೊಂಡ್ರೆ ಹಿಡಿದ ಶನಿ ಬಿಟ್ಟುಹೋಯ್ತು ಅಂತ ಹೇಳಮ್ಮ ಅವರಿಗೆ.”

ಹೇಳಿದೆ. ಸೂಪರ್‌ವೈಸರ್ ತಮ್ಮ ಹೆಬ್ಬೆರಳು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು.

“ಎಲ್ಲಿ ಬಿಟ್ಟುಹೋಯ್ತು? ಈಗ ತಾನೇ ಖಾಯಂ ಮಾಡಿದೆನಲ್ಲ.”