ಪ್ರಥಮ ಪುರುಷ ನಿಷೇಧ

ಮೂವತ್ತೊಂದು ವರ್ಷ ಶಾಲೆಯಲ್ಲಿ ನಾನು ಸಾಕಿ ಬೆಳೆಸಿದ ವ್ಯಾಕರಣ ಮುಪ್ಪಿನಲ್ಲಿ ನನ್ನನ್ನೇ ಕಚ್ಚುತ್ತದೆಂದು ಗೊತ್ತಿದ್ದರೆ, ಲೆಕ್ಕದ ಮೇಷ್ಟ್ರಾಗಿ ನೆಮ್ಮದಿಯಾಗಿರುತ್ತಿದ್ದೆ.

ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಮತ್ತು ಅವಳ ಅಣ್ಣ ಮೂವರೂ ಒಟ್ಟಿಗೆ ಹಜ್ ಯಾತ್ರೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಮನಸ್ಸನ್ನು ಒಗೆದು ಒಣಗಿಸಿಕೊಳ್ಳಬೇಕೆಂಬ ಹಂಬಲದಲ್ಲಿದ್ದಾಗಲೇ ಶುಕ್ರವಾರದ ನಮಾಜಿನ ನಂತರ ಇಮಾಮರು ಗೀಬತ್ ಕುರಿತು ಪಾಠಕ್ಕೆ ಕುಳಿತರು. ಗೀಬತ್ ಎಂದರೆ ಎದುರಿಗಿಲ್ಲದವರ ಕುಂದನ್ನು ಆಡಿಕೊಳ್ಳುವುದು. "ಆಡಿದ್ದು ನಿಜವೇ ಆಗಿದ್ದರೆ?" ಎಂದು ಹಿಂದಿನ ಸಾಲಿನಿಂದ ಯಾರೋ ಆಸೆಯಿಂದ ಕೇಳಿದರು. "ನಿಜವಾಗಿದ್ದರೇ ಗೀಬತ್ತು. ಸುಳ್ಳಾಗಿದ್ದರೆ ಇನ್ನೂ ದೊಡ್ಡ ತಪ್ಪು" ಎಂದರು ಇಮಾಮರು. "ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸಬೇಕು."

ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಎದ್ದು ಮನೆಗೆ ಧಾವಿಸಿದೆ. (ಪಾಠ ಮುಗಿಯುವ ಮೊದಲೇ ಚೀಲ ಹೆಗಲಿಗೇರಿಸುವವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆ ಮಾತು ಸದ್ಯಕ್ಕೆ ಬದಿಗಿರಲಿ.)

"ಇವತ್ತಿನಿಂದ ಈ ಮನೆಯಲ್ಲಿ ಪ್ರಥಮ ಪುರುಷ ನಿಷೇಧ!" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ಅವಳು ಚಹಾ ಸೋಸುತ್ತಿದ್ದಳು. "ಯಾಕ್ರೀ? ನನಗಿರೋ ಪ್ರಥಮ ಪುರುಷ ನೀವೊಬ್ರೇ. ಚಹಾನಾದ್ರೂ ಕುಡಿದು ಹೋಗಿ."

"ತಮಾಷೆ ಬೇಡ. ನಾನು ಅನ್ನೋದು ಉತ್ತಮ ಪುರುಷ. ನೀನು ಅನ್ನೋದು ಮಧ್ಯಮ..."

"ನೀವು ಉತ್ತಮ, ನಾನು ಮಧ್ಯಮ. ಮದುವೆಯಾದಾಗಿನಿಂದ ಇದೊಂದೇ ಪಾಠ."

"ಅವನು, ಅವಳು, ಅವರು ಅನ್ನೋದು ಪ್ರಥಮ ಪುರುಷ. ಎದುರಿಗಿಲ್ಲದವರ ಸುದ್ದಿ ಇನ್ನು ಈ ಮನೆಯಲ್ಲಿ ಪೂರ್ತಿ ಬಂದ್."

"ಒಳ್ಳೇದು ಹೇಳೋದಾದ್ರೆ?"

"ಒಳ್ಳೇದರಿಂದಲೇ ಶುರುವಾಗೋದು! 'ಪಾಪ, ಒಳ್ಳೇವಳು' ಅಂತೀಯ. ಹಿಂದೆಯೇ 'ಆದ್ರೆ' ಬರುತ್ತೆ. ಅದೂ ಬಂದ್."

"ಆಯ್ತು" ಎಂದಳು. ಅಷ್ಟು ಸುಲಭವಾಗಿ ಅವಳು ಒಪ್ಪಿದಾಗಲೇ ನಾನು ಹೆದರಬೇಕಿತ್ತು.

ಅಲ್ಲಿಯವರೆಗೆ ನಮ್ಮ ಸಂಜೆಯ ಚಹಾ ಒಂದೂಕಾಲು ಗಂಟೆಯ ಕಾರ್ಯಕ್ರಮವಾಗಿತ್ತು. ಆ ಸಂಜೆ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಪಾತ್ರೆಯ ಮುಚ್ಚಳದ ಹಿಡಿ ಸಡಿಲಾಗಿರುವ ವಿಷಯ ಒಂದೂವರೆ ನಿಮಿಷ ಬಂತು. ಉಳಿದ ಹೊತ್ತು ಗೋಡೆ ನೋಡಿದೆವು. ಶನಿವಾರ ಅವಳು ಹೆಂಗಸರ ಪಾಠದಿಂದ ಬಂದವಳೇ "ರೀ, ಇಮಾಮರ ಹೆಂಡತಿ ಇವತ್ತು..." ಎಂದು ಬಾಯಿ ತೆರೆದಳು. ನಾನು ಟ್ರಾಫಿಕ್ ಪೊಲೀಸನಂತೆ ಕೈಯೆತ್ತಿದೆ. "ಪ್ರಥಮ ಪುರುಷ!"

"ನಿಮಗೆ ಬೇಕಾದ ಮಾತೇ ಕಣ್ರೀ, ಒಳ್ಳೇದು..."

"ಒಳ್ಳೇದೂ ಬಂದ್!"

ಅವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಭಾನುವಾರ ಚಹಾ ಇಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದಳು: "ನಮ್ಮ ಇಸ್ತ್ರಿ ಪೆಟ್ಟಿಗೆ ಕೇಳಲ್ಪಟ್ಟಿತು. ಕೊಡಲ್ಪಟ್ಟಿತು. ಕೆಡಿಸಲ್ಪಟ್ಟು ಹಿಂದಿರುಗಿಸಲ್ಪಟ್ಟಿತು."

"ಯಾರಿಂದ?" ತಡೆಯಲಾರದೆ ಕೇಳಿಬಿಟ್ಟೆ.

"ಕರ್ತೃವನ್ನ ಹೇಳೋ ಹಾಗಿಲ್ವಲ್ಲ, ಮೇಷ್ಟ್ರೇ."

ಕರ್ಮಣಿ ಪ್ರಯೋಗ! ನನ್ನ ಕಣ್ಣು ಒದ್ದೆಯಾಯಿತು. ಕನ್ನಡದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲವೆಂದು ತಿಳಿದೂ ಮೂವತ್ತೊಂದು ವರ್ಷ ಅದನ್ನು ಕಲಿಸಿದ್ದೆ. ಮನಸ್ಸಿಟ್ಟು ಉದಾಹರಣೆ ಕೊಟ್ಟವನು ಒಬ್ಬನೇ ಶಿಷ್ಯ: "ಮೇಷ್ಟ್ರಿಂದ ನಾನು ಹೊಡೆಯಲ್ಪಟ್ಟೆನು." (ಅವನೀಗ ನಮ್ಮ ಬೀದಿಯ ಕ್ಷೌರಿಕ. ತಿಂಗಳಿಗೊಮ್ಮೆ ಅವನ ಕತ್ತಿಗೆ ಕುತ್ತಿಗೆ ಕೊಟ್ಟು ಸುರಕ್ಷಿತವಾಗಿ ಎದ್ದು ಬರುತ್ತಿದ್ದೇನೆ. ಕ್ಷಮಿಸಿದ್ದಾನೆಂದೇ ಭಾವಿಸಿದ್ದೇನೆ.)

ಕ್ಷಮೆ ಎಂದೊಡನೆ ನೆನಪಾದದ್ದು ನನ್ನ ಭಾವ, ಹೆಂಡತಿಯ ಅಣ್ಣ. ಅವರು ಬಡಗಿ. ನಮ್ಮ ಮದುವೆಗೆ ಸ್ವಂತ ಕೈಯಿಂದ ಒಂದು ಮರದ ಬೀರು ಮಾಡಿಕೊಟ್ಟರು. ಅದರ ಬಾಗಿಲು ಮೂವತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಮುಚ್ಚಿಲ್ಲ. ಬೆಳಗಿನ ನಮಾಜಿನಲ್ಲಿ ನಾನು ನೆಲಕ್ಕೆ ಹಣೆಯಿಟ್ಟ ಸಜ್ದಾದಿಂದ ತಲೆಯೆತ್ತುವುದನ್ನೇ ಕಾಯ್ದು, ಅದು ಮೆಲ್ಲಗೆ ಬಂದು ನನ್ನ ನೆತ್ತಿಗೆ ಸಲಾಂ ಹೇಳುತ್ತದೆ. ಬೀರು ಎಂಬುದು ನಾಮಪದ ಹೇಗೋ ಹಾಗೆ 'ಎಸೆ' ಎಂಬರ್ಥದ ಕ್ರಿಯಾಪದವೂ ಹೌದು. ಆ ಎರಡನೆಯ ಅರ್ಥ ನನಗೆ ಹಲವು ಸಲ ಹೊಳೆದಿದೆ. ಈ ಸಂಗತಿಯನ್ನು ನಾನು ಭಾವನ ಹೊರತು ಮತ್ತೆಲ್ಲರಿಗೂ ಹೇಳಿದ್ದೆ.

ಸೋಮವಾರ ಅವರ ಕೆಲಸದ ಕೊಟ್ಟಿಗೆಗೆ ಹೋದೆ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಹಲಗೆ ಕೀಸುತ್ತಿದ್ದರು.

"ಭಾವ, ನನ್ನನ್ನ ಕ್ಷಮಿಸಿಬಿಡಿ."

"ಕ್ಷಮಿಸಿದೆ. ಆ ತುದಿ ಸ್ವಲ್ಪ ಹಿಡ್ಕೊಳ್ಳಿ ಮೇಷ್ಟ್ರೇ."

ಅಲ್ಲಿಗೇ ಬಂದುಬಿಡಬಹುದಿತ್ತು. ಆದರೆ ಪ್ರಶ್ನೆಯನ್ನೇ ಓದದೆ ಬರೆದ ಉತ್ತರಕ್ಕೆ ನಾನೆಂದೂ ಅಂಕ ಕೊಟ್ಟವನಲ್ಲ. "ಯಾತಕ್ಕೆ ಅಂತ ಕೇಳಲಿಲ್ಲ ನೀವು?"

"ಯಾತಕ್ಕೆ?"

"ನಿಮ್ಮ ಬೆನ್ನ ಹಿಂದೆ ಆ ಬೀರುವಿನ ಬಗ್ಗೆ ಆಡ್ಕೊಂಡಿದ್ದೀನಿ. ಅದರ ಬಾಗಿಲು ಮುಚ್ಚೋದಿಲ್ಲ."

ಕೀಸುಳಿ ನಿಂತಿತು. "ಯಾವತ್ತಿಂದ?"

"ಮದುವೆ ಮಾರನೇ ದಿನದಿಂದ."

"ನನಗೆ ಒಂದು ಮಾತು ಹೇಳಲಿಲ್ಲ. ಇನ್ಯಾರಿಗೆ ಹೇಳಿದ್ರಿ?"

"ಕ್ಷೌರಿಕನಿಗೆ."

"ಆಮೇಲೆ?"

"ಚಹಾ ಅಂಗಡಿಯವನಿಗೆ. ಅಲ್ಲಿ ಚಹಾ ಕುಡಿಯೋರಿಗೆ. ಒಂದೆರಡು ಸಲ, ಸುಮ್ಮನೆ ಹಾದು ಹೋಗ್ತಿದ್ದೋರಿಗೆ."

"ಅದಕ್ಕೇ!" ಭಾವ ಕೀಸುಳಿಯನ್ನು ಕುಕ್ಕಿದರು. "ಅದಕ್ಕೇ ಆ ಚಹಾ ಅಂಗಡಿಯವನು ಮಗಳ ಮದುವೆಗೆ ಬೀರು ಬೇರೆ ಕಡೆ ಮಾಡಿಸಿದ! ಎರಡು ವರ್ಷದಿಂದ ನಾನು ಅವನ ಹತ್ರ ಮಾತು ಬಿಟ್ಟಿದ್ದೀನಿ! ನೋಡಿ, ಆಗಲೇ ಕ್ಷಮಿಸಿದೆ ಅಂದಿದ್ದೆನಲ್ಲ, ವಾಪಸ್ ತಗೊಂಡೆ. ಹಜ್‌ಗೆ ನೀವಿಬ್ಬರೇ ಹೋಗಿ ಬನ್ನಿ. ನಿಮ್ಮ ಜೊತೆ ನಾನು ಬರೋದಿಲ್ಲ."

ಮನೆಗೆ ಬಂದು ವರದಿ ಒಪ್ಪಿಸಿದೆ. ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. (ಇದು ಸೌಟು ಎತ್ತುವುದಕ್ಕಿಂತ ಭಯಂಕರ.) "ಅಣ್ಣ ಬರದಿದ್ರೆ ನಾನೂ ಬರೋಲ್ಲ. ಹೋಗಿ ಹೇಳಬಾರದು ಅಂತ ಹೇಳಲ್ಪಟ್ಟಿತ್ತಲ್ರೀ!"

"ಯಾರಿಂದ? ನಿಷೇಧ ರದ್ದಾಗಿದೆ, ಪ್ರಥಮ ಪುರುಷದಲ್ಲೇ ಹೇಳು!"

"ಇಮಾಮರಿಂದ. ಶುಕ್ರವಾರ ನೀವು ಎದ್ದು ಓಡಿ ಬಂದ ಮೇಲೆ ಹೇಳಿದ್ರಂತೆ. ಅವರ ಹೆಂಡತಿ ಶನಿವಾರ ನಮಗೂ ಹೇಳಿದ್ರು. ನಾವು ಆಡ್ಕೊಂಡಿದ್ದು ಅವರ ಕಿವಿಗೆ ಬಿದ್ದೇ ಇಲ್ಲದಿದ್ರೆ, ಹೋಗಿ ಹೇಳಿ ನೋಯಿಸಬೇಡಿ. ಅವರಿಗೆ ಒಳ್ಳೇದಾಗಲಿ ಅಂತ ದುಆ ಮಾಡಿ, ಎಲ್ಲೆಲ್ಲಿ ಕುಂದು ಆಡಿದ್ರೋ ಅಲ್ಲೆಲ್ಲ ಹೋಗಿ ಒಳ್ಳೇದು ಆಡಿ."

"ನನಗ್ಯಾಕೆ ಹೇಳಲಿಲ್ಲ ನೀನು?"

ಉತ್ತರವಾಗಿ ಅವಳು ಟ್ರಾಫಿಕ್ ಪೊಲೀಸನಂತೆ ಒಂದು ಕೈಯೆತ್ತಿ ತೋರಿಸಿದಳು.

ಮಂಗಳವಾರದಿಂದ ಪ್ರಾಯಶ್ಚಿತ್ತ ಶುರುವಾಯಿತು. ತೊಡಕೆಂದರೆ ಸುಳ್ಳೂ ಪಾಪವೇ. ಆ ಬೀರುವಿನಲ್ಲಿ ನಿಜವಾದ ಗುಣ ಹುಡುಕಲು ನಾನು ಅದರ ಮುಂದೆ ಅರ್ಧ ದಿನ ಕುಳಿತೆ. ಆಮೇಲೆ ಕ್ಷೌರಿಕನಿಗೆ ಹೇಳಿದೆ: "ನಮ್ಮ ಭಾವನ ಬೀರುವಿನಲ್ಲಿಟ್ಟ ಬಟ್ಟೆಗೆ ಮುಗ್ಗಲು ವಾಸನೆ ಅನ್ನೋದೇ ಇಲ್ಲಪ್ಪ. ಸದಾ ಗಾಳಿಯಾಡ್ತಿರುತ್ತೆ." ಚಹಾ ಅಂಗಡಿಯಲ್ಲಿ ಹೇಳಿದೆ: "ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ನಾವು ಬೀಗದ ಕೈ ಹುಡುಕಿ ಒದ್ದಾಡಿದ್ದಿಲ್ಲ."

ಮೂವತ್ತೆಂಟು ವರ್ಷ ಆಡಿದ ಕುಂದು ಭಾವನ ಕಿವಿ ಮುಟ್ಟಿರಲಿಲ್ಲ. ಹೊಗಳಿಕೆ ವಾರದೊಳಗೆ ಮುಟ್ಟಿತು. ಅವರಾಗಿಯೇ ಚಹಾ ಅಂಗಡಿಗೆ ಹೋಗಿ, ಮಾತು ಬಿಟ್ಟವನೊಡನೆ ಚಹಾ ಕುಡಿದು ಬಂದರಂತೆ. ಹದಿನೈದು ದಿನ ಕಳೆಯುವಷ್ಟರಲ್ಲಿ ನಮ್ಮ ಮನೆಯ ಮುಂದೆ ತಳ್ಳುಗಾಡಿ ನಿಂತಿತು. ಮೇಲೆ ಹೊಚ್ಚ ಹೊಸ ಬೀರು, ಹಿಂದೆ ಭಾವ.

"ನನಗೂ ತಡೀಲಿಲ್ಲ ಮೇಷ್ಟ್ರೇ" ಎಂದು ಅಪ್ಪಿಕೊಂಡರು. "ಕ್ಷಮಿಸಿದೆ. ಈ ಸಲ ವಾಪಸ್ ತಗೊಳ್ಳೋಲ್ಲ. ಹಜ್‌ಗೆ ಒಟ್ಟಿಗೇ ಹೋಗೋಣ. ಈ ಬಾಗಿಲು ಮುಚ್ಚದಿದ್ರೆ ನನ್ನನ್ನ ಕೇಳಿ!"

ಅವರು ಹೋದ ಮೇಲೆ ಹೆಂಡತಿ ಮೂವರ ಪಾಸ್‌ಪೋರ್ಟುಗಳನ್ನೂ ಭಕ್ತಿಯಿಂದ ಹೊಸ ಬೀರುವಿನಲ್ಲಿಟ್ಟಳು. ನಾನು ಬಾಗಿಲು ದೂಡಿದೆ. ಅದು 'ಟಪ್' ಎಂದು ಮುಚ್ಚಿಕೊಂಡಿತು. ಎಂಥ ಸೊಗಸಾದ ಸದ್ದು!

ಆಮೇಲೆ ಅದು ತೆರೆಯಲಿಲ್ಲ.

ಎಳೆದೆವು. ಚಾಕು ತೂರಿಸಿದೆವು. ಕೊನೆಗೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಹೋಗಿ. ಈ ಸಲ ಊರಿಗೆಲ್ಲ ಹೇಳಬೇಡಿ, ನೇರ ಅಣ್ಣನಿಗೇ ಹೇಳಿ. ನೋಯಿಸದೆ ಹೇಳಿ. ಸುಳ್ಳೂ ಹೇಳಬೇಡಿ" ಎಂದಳು.

ದಾರಿಯುದ್ದಕ್ಕೂ ವಾಕ್ಯವನ್ನು ತಿದ್ದುತ್ತಾ ಹೋಗಿ ಭಾವನ ಮುಂದೆ ನಿಂತೆ. "ಭಾವ, ಪಾಸ್‌ಪೋರ್ಟುಗಳು ಒಳಗಿಡಲ್ಪಟ್ಟವು. ಬಾಗಿಲು ಬಹಳ ಚೆನ್ನಾಗಿ ಮುಚ್ಚಲ್ಪಟ್ಟಿತು. ಈಗ ತೆರೆಯಲ್ಪಡುತ್ತಿಲ್ಲ."

"ಯಾರಿಂದ?" ಎಂದರು ಭಾವ.

"ನನ್ನಿಂದ" ಎಂದೆ. ಉತ್ತಮ ಪುರುಷ, ಏಕವಚನ. ಸುಳ್ಳೂ ಅಲ್ಲ.

ಭಾವ ಬಂದು, ಬಾಗಿಲಿಗೆ ಅದೆಲ್ಲೋ ಒಂದು ಗುದ್ದು ಕೊಟ್ಟು ತೆರೆದರು. ನನ್ನನ್ನು ಕನಿಕರದಿಂದ ನೋಡಿ ಹೊರಟುಹೋದರು. ಇಷ್ಟೆಲ್ಲ ಓದಿದ ಮೇಷ್ಟ್ರಿಗೆ ಒಂದು ಬೀರುವಿನ ಬಾಗಿಲು ತೆಗೆಯೋಕೂ ಬರೋದಿಲ್ಲವೆಂದು ಈಗ ಚಹಾ ಅಂಗಡಿಯಲ್ಲಿ ದಿನವೂ ಹೇಳುತ್ತಿದ್ದಾರಂತೆ. ನನಗೆ ಇದನ್ನು ತಿಳಿಸಿದವಳು ನನ್ನ ಹೆಂಡತಿ. ಚಹಾ ಕುಡಿಯುತ್ತಾ, ಶುದ್ಧ ಪ್ರಥಮ ಪುರುಷದಲ್ಲಿ, ಒಂದೂಕಾಲು ಗಂಟೆ.