ಪ್ಯಾಂಟು ತೊಟ್ಟ ಪ್ಲೇಯರ್

ನಮ್ಮ ಸೋದರಮಾವನಿಗೆ ಹಾಡೆಂದರೆ ಪ್ರಾಣ. ಆದರೆ ಆತ ಒಂದೇ ಒಂದು ಹಾಡನ್ನು ಪೂರ್ತಿ ಕೇಳಿದ್ದನ್ನು ಕಂಡವರಿಲ್ಲ! ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನುಷ್ಯ. ಹೊಲಿಗೆ ಮುಗಿದಲ್ಲಿಗೆ ಹಾಡೂ ಮುಗಿಯಬೇಕು. ಪಲ್ಲವಿಗೆ ಪ್ಯಾಂಟಿನ ಒಂದು ಕಾಲು, ಚರಣಕ್ಕೆ ಇನ್ನೊಂದು. ಜಿಪ್ ಕೂರಿಸುವಾಗ ಮಾತ್ರ ನಿಧಾನದ ಶೋಕಗೀತೆ. "ಕುಣಿಯೋ ಹಾಡಿಗೆ ಜಿಪ್ ಹಚ್ಚಿದ್ರ ಹಾಕ್ಕೊಂಡಾವ್ನ ಗತಿ ಏನಾಗಬೇಕು?" ಎಂಬುದು ಮಾಮನ ವಾದ. ಅಲ್ಲಗಳೆಯುವ ಧೈರ್ಯ ಯಾರಿಗಿದೆ?

ಆಗ ಗಣಿಯ ಭರಾಟೆ. ಎರಡು ಮೊಬೈಲಿಗೆ ಎರಡು ಗುಪ್ತ ಜೇಬು ಹೊಲಿಸಿಕೊಂಡ ಲಾರಿ ಮಾಲೀಕರೊಬ್ಬರು ಖುಷಿಯಾಗಿ ಒಂದು ಫಾರಿನ್ ಮ್ಯೂಸಿಕ್ ಪ್ಲೇಯರ್ ಕೊಟ್ಟರು. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಹಾಡುಗಳನ್ನೆಲ್ಲ ಅದಕ್ಕೆ ತುಂಬಿಸಿದ ಮಾಮ, ಅದು ಬೆತ್ತಲೆ ಇರಬಾರದೆಂದು ಪುಟ್ಟ ಜೀನ್ಸ್ ಪ್ಯಾಂಟು ಹೊಲಿದು ತೊಡಿಸಿದ. ಅದಕ್ಕೂ ಹಿಂದೆ ಒಂದು ಜೇಬು!

"ಆ ಜೇಬಿನಾಗ ಅದು ಏನಿಡ್ತೈತಿ ಮಾಮ?" ಎಂದೆ.

"ಅದರ ಖರ್ಚು ಅದಕ್ಕಿರ್ತೈತಿ" ಎಂದ.

ಸ್ವಲ್ಪ ದಿನಕ್ಕೆ ಕಂಪ್ಯೂಟರ್ ಸತ್ತಿತು. ರಿಪೇರಿಯವನು ಮುಚ್ಚಳ ಬಿಚ್ಚಿ, ಬೊಗಸೆ ತುಂಬ ಅದಿರಿನ ಕೆಂಪು ಧೂಳು ತೆಗೆದು, "ಇದು ರಿಪೇರಿ ಆಗಂಗಿಲ್ಲರಿ, ಯಾರಿಗರ ಲೀಜಿಗೆ ಕೊಟ್ಟುಬಿಡ್ರಿ" ಎಂದನಂತೆ.

ಹೊಸ ಕಂಪ್ಯೂಟರ್ ಬಂತು. ಪ್ಲೇಯರಿನ ಬ್ಯಾಟರಿಯೂ ಆಗಲೋ ಈಗಲೋ ಅನ್ನುತ್ತಿತ್ತು. ಹಾಡುಗಳನ್ನು ಬೇಗ ವಾಪಸ್ ಇಳಿಸಬೇಕು. ಮಾಮ ವೈರು ಚುಚ್ಚಿದ್ದೇ ತಡ, ಹೊಸ ಕಂಪ್ಯೂಟರಿಗೆ ಹೊಂದಿಸಲು ಪ್ಲೇಯರಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಪರದೆ ಕೇಳಿತು. ವೈರು ಕಿತ್ತವನೇ ಕುರುಗೋಡಿನ ಬಸ್ ಹತ್ತಿದ. ಅಲ್ಲಿ ಕಂಪ್ಯೂಟರ್ ಟೀಚರಾಗಿದ್ದವಳು ನಾನು. ಪ್ಲೇಯರಿಗೆ ಧೂಳು ತಾಗಬಾರದೆಂದು ಸುಡುಬೇಸಿಗೆಯಲ್ಲಿ ಬಸ್ಸಿನ ಕಿಟಕಿಗಳನ್ನೆಲ್ಲ ಮುಚ್ಚಿಸಿ, ದಾರಿಯುದ್ದಕ್ಕೂ ಬೈಸಿಕೊಂಡು ಬಂದಿದ್ದ.

"ಬ್ಯಾಡ ಅಂತ ಒತ್ತಿದ್ರ ಆಗಿತ್ತಲ್ಲ ಮಾಮ."

"ಮನಿಗೆ ಬಂದಾಂವ 'ನಿಮ್ಮ ಸಾಮಾನೆಲ್ಲ ಹೊರಗ ಒಗೀಲೇನು' ಅಂತ ಕೇಳಿದ್ರ, ಬ್ಯಾಡಪಾ ಅಂತ ಹೇಳಿ ಕೂಡ್ಸಿ ಚಾ ಕೊಡ್ತೀಯೇನು?"

ಆಮೇಲೆ ದನಿ ತಗ್ಗಿಸಿದ. "ಹಾಡು ಹೋದ್ರ ಹೋಗ್ಲಿ. ಕಡೀದೊಂದು ಹೋಗಬಾರ್ದವ್ವಾ. ಅದು ಇನ್ನೆಲ್ಲೂ ಸಿಗಂಗಿಲ್ಲ."

ಕಿವಿಗೆ ಹಚ್ಚಿಕೊಂಡು ಕೇಳಿದೆ. ಹಾಡಲ್ಲ, ಬರೀ ಗದ್ದಲ! ಅಂಗಡಿ ತುಂಬ ಜನ ಕೂತು ಹೊಲಿಯುತ್ತಿದ್ದಾಗ ಯಾರೋ ತಮಾಷೆಗೆ ಮೊಬೈಲಿನಲ್ಲಿ ಹಿಡಿದು ಹಳೆಯ ಕಂಪ್ಯೂಟರಿಗೆ ಹಾಕಿಟ್ಟ ಮಷೀನುಗಳ ಸದ್ದು. ಕೂಲಿ ಹೆಚ್ಚು ಎಂದು ಒಬ್ಬೊಬ್ಬರಾಗಿ ಎಲ್ಲರೂ ಅದಿರಿನ ಕೆಲಸಕ್ಕೆ ಹೋದರು. ಪಕ್ಕದ ಮಷೀನಿನ ಹಳೆಯ ಜೊತೆಗಾರ, ಸಿರಿಗೇರಿಯ ಹುಸೇನಿಯೂ ಕೊನೆಗೆ ಲಾರಿ ಹತ್ತಿದ. ಈಗ ಅಂಗಡಿಯಲ್ಲಿ ಮಾಮ ಒಬ್ಬನೇ. "ಮಂದಿ ಸಪ್ಪಳ ಇಲ್ದ ಕೈ ಓಡವಲ್ದು" ಎಂದ.

ಭಾನುವಾರ ಬಳ್ಳಾರಿಗೆ ಹೋಗಿ ಕೂತೆ. ಪರದೆ ಮತ್ತೆ ಅದೇ ಪ್ರಶ್ನೆ ಕೇಳಿತು. ಮಾಮ ಪ್ಲೇಯರಿನ ಪ್ಯಾಂಟು ಹಿಡಿದುಕೊಂಡು ಕಣ್ಣು ಮುಚ್ಚಿದ. ಬೇಡವೆಂದು ಒತ್ತಿ, ಒಳಗೆ ಅಡಗಿದ್ದ ಫೈಲುಗಳನ್ನು ಹುಡುಕಿ ಕಂಪ್ಯೂಟರಿಗೆ ಎಳೆದೆ. ಹಾಡುಗಳೇನೋ ಬಂದವು, ಹೆಸರುಗಳು ಬರಲಿಲ್ಲ! ಹೆಸರಿನ ಜಾಗದಲ್ಲಿ ತಲೆಬುಡವಿಲ್ಲದ ಅಕ್ಷರಗಳು. ಒಂದೊಂದನ್ನೇ ಹಾಕುತ್ತ ಹೋದೆ. ಮಾಮ ಮಷೀನಿನ ಮುಂದೆ ಕೂತು, ಪೆಡಲಿನ ಮೇಲೆ ಕಾಲಿಟ್ಟು ಗುರುತು ಹಿಡಿದ. "ಇದು ಸೈಡ್ ಹೊಲಿಗಿ. ಇದು ಜಿಪ್ಪು. ತಡಿ, ಇದು ಸೊಂಟದ ಪಟ್ಟಿ." ಹೇಳಿದ್ದನ್ನೇ ಹೆಸರಾಗಿ ಬರೆದೆ. ಜನ ಕಣ್ಣೀರಿಟ್ಟು ಕೇಳುವ ಒಂದು ಪ್ರೇಮಗೀತೆ ಆ ಕಂಪ್ಯೂಟರಿನಲ್ಲಿ ಇಂದಿಗೂ 'ಹಿಂದಿನ ಜೇಬು'.

ಮಷೀನಿನ ಸದ್ದು ಮಾತ್ರ ಸಿಗಲೊಲ್ಲದು. ಮಾಮನ ಮುಖ ನೋಡಲು ನನಗೆ ಹೆದರಿಕೆಯಾಯಿತು. ಉಳಿದಿದ್ದ ಒಂದೇ ಫೈಲನ್ನು ಒತ್ತಿದೆ.

ಖಾಲಿ ಅಂಗಡಿಯ ತುಂಬ ಮಷೀನುಗಳು ಓಡತೊಡಗಿದವು. ಮಾಮ ಬಟ್ಟೆ ಎಳೆದುಕೊಂಡು ಹೊಲಿಯಲು ಶುರುಮಾಡಿದ. ಸದ್ದಿನ ನಡುವಿನಿಂದ ಹುಸೇನಿಯ ದನಿ ಬಂತು: "ಲೇ, ದಾರ ಮುಗೀತು. ಒಂದ್ ರೀಲ್ ಕೊಡು."

ಮಾಮ ತಲೆ ಎತ್ತಲಿಲ್ಲ. ರೀಲು ತೆಗೆದು ಪಕ್ಕಕ್ಕೆ ಕೈ ಚಾಚಿದ. ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಕೈ ಹಾಗೆಯೇ ಚಾಚಿಕೊಂಡಿತ್ತು.

ನಾನೇ ಎದ್ದು ಹೋಗಿ, ಆ ಕೈಯಿಂದ ರೀಲು ತೆಗೆದುಕೊಂಡು, ಹುಸೇನಿಯ ಮಷೀನಿಗೆ ಏರಿಸಿದೆ.